ಕೂತೇ ಹೋದ ಕಾಲರ್ ಮಾಸ್ಟರ್

"ಇನ್ನೊಂದು ಸ್ವಲ್ಪ ಒತ್ತೋಣ, ನೆಟ್ಟಗಾಗುತ್ತೆ," ಎಂದು ಚಿಕ್ಕಪ್ಪ ಸತ್ತ ಅಣ್ಣನ ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿ ಮೈಭಾರ ಬಿಟ್ಟ. ಶವಪೆಟ್ಟಿಗೆ ಅಂಗಡಿಯಿಂದ ಬಂದ ಇಬ್ಬರಲ್ಲಿ ಒಬ್ಬ ಸೊಂಟ ಹಿಡಿದಿದ್ದ, ಇನ್ನೊಬ್ಬ ಪಾದ ಎಳೆಯುತ್ತಿದ್ದ.

"ಬಿಡು ಚಿಕ್ಕಪ್ಪ," ಎಂದಳು ಸತ್ತವನ ಮಗಳು ಪುಟ್ಟಿ. "ಅದು ಸತ್ತಮೇಲೆ ಆದ ಸೆಟೆತ ಅಲ್ಲ, ಮೂಳೆ. ಇಪ್ಪತ್ತೊಂದು ವರ್ಷದಿಂದ ಹಾಗೇ ಇದೆ."

"ನಂಗೊತ್ತಿಲ್ವೇನೇ? ಆದ್ರೆ ಪೆಟ್ಟಿಗೆ ಬಂದುಬಿಟ್ಟಿದೆಯಲ್ಲ."

ಪೆಟ್ಟಿಗೆ ಗೋಡೆಗೊರಗಿ ನಿಂತಿತ್ತು, ಎಲ್ಲರಂತೆ ಮಲಗಿ ಹೋಗುವವರಿಗೆ ಮಾಡಿದ್ದು. ಅಂಗಡಿಯವನು ಎತ್ತರ ಎಷ್ಟು ಎಂದು ಕೇಳಿದ್ದಾನೆ, ಚಿಕ್ಕಪ್ಪ ಅಳುತ್ತಲೇ ಐದಡಿ ಎಂಟಂಗುಲ ಎಂದುಬಿಟ್ಟಿದ್ದಾನೆ. ಅದು ಅಣ್ಣನ ಇಪ್ಪತ್ತೆಂಟನೇ ವಯಸ್ಸಿನ ಎತ್ತರ. ಆಮೇಲೆ ಆ ಮನುಷ್ಯ ನೆಟ್ಟಗೆ ನಿಂತದ್ದಿಲ್ಲ, ಮೈ ಚಾಚಿ ಮಲಗಿದ್ದೂ ಇಲ್ಲ. ದಿನಾ ಬಂದು ನೋಡುತ್ತಿದ್ದ ತಮ್ಮನ ಕಣ್ಣಿಗೆ ಮಾತ್ರ ಅಣ್ಣ ಇನ್ನೂ ಐದಡಿ ಎಂಟಂಗುಲವೇ. ಇಂಥ ತಪ್ಪಿಗೆ ಬೈಯುವುದಾದರೂ ಹೇಗೆ?

ಪುಟ್ಟಿ ಬಲಗಾಲಿನ ಮೇಲೆ ಭಾರ ಹಾಕಿ ಬಾಗಿಲಿಗೆ ಆತುಕೊಂಡಿದ್ದಳು. ಎಡ ಸೊಂಟದಲ್ಲಿ ಬಿಸಿ ಬಿಸಿ ಬಾವು ಎದ್ದು ಹನ್ನೊಂದು ದಿನವಾಗಿತ್ತು. ಅದು ಮೂಳೆಯಾಗಿ ಕೀಲು ಕಟ್ಟಿಕೊಳ್ಳುವುದರೊಳಗೆ ಅವಳು ಒಂದು ತೀರ್ಮಾನಕ್ಕೆ ಬರಬೇಕಿತ್ತು: ಉಳಿದ ಆಯುಷ್ಯವನ್ನು ಕೂತು ಕಳೆಯುವುದೋ, ನಿಂತು ಕಳೆಯುವುದೋ. ವಿಷಯ ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ಅಪ್ಪನಿಗೆ ಮಾತ್ರ. ಈಗ ಅಪ್ಪನೂ ಇಲ್ಲ.

* * *

ಹುಟ್ಟಿದಾಗಲೇ ಅಪ್ಪನ ಕಾಲಿನ ಹೆಬ್ಬೆರಳುಗಳು ಗಿಡ್ಡ, ಒಳಕ್ಕೆ ವಾಲಿದ್ದವು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆರನೇ ವರ್ಷದಲ್ಲಿ ಬೆನ್ನ ಮೇಲೆ ಗಡ್ಡೆ ಎದ್ದಿತು. ಅವನಮ್ಮ ಎಣ್ಣೆ ಹಚ್ಚಿ ತಿಕ್ಕಿದಳು. ತಿಕ್ಕಿದಲ್ಲೆಲ್ಲ ಮೂಳೆ ಬೆಳೆಯಿತು. ಆಸ್ಪತ್ರೆಯವರು ಒಂದು ಚೂರು ಕೊಯ್ದು ಪರೀಕ್ಷೆಗೆ ಕಳಿಸಿದರು. ಕೊಯ್ದಲ್ಲಿ ಇನ್ನೂ ಹೆಚ್ಚು ಬೆಳೆಯಿತು. ತಾಯಿಯ ಪ್ರೀತಿ, ಡಾಕ್ಟರ ಬುದ್ಧಿ ಎರಡೂ ಸೇರಿ ಹುಡುಗನನ್ನು ಹಾಳುಗೆಡವಿದವು.

ಇಪ್ಪತ್ತೆಂಟಕ್ಕೆ ಸೊಂಟ ಹಿಡಿಯತೊಡಗಿದಾಗ ಅವನು ಹೊಲಿಗೆ ಮಷೀನಿನ ಮುಂದೆ ಹೋಗಿ ಕೂತ. ಹಾಗೆ ಕೂತವನು ಏಳಲಿಲ್ಲ. ಕೈಬೆರಳುಗಳೂ ಪಾದದ ಕೀಲೂ ಉಳಿದಿದ್ದವು. ಕಾಲರ್ ಹೊಲಿಯುವುದಕ್ಕೆ ಅಷ್ಟು ಸಾಕಿತ್ತು. ಸುತ್ತಲಿನ ದರ್ಜಿಗಳೆಲ್ಲ ಅಂಗಿಯ ಮೈ ತಾವು ಹೊಲಿದು ಕಾಲರನ್ನು ಅವನಿಗೆ ಕಳಿಸುತ್ತಿದ್ದರು. ಕುತ್ತಿಗೆಯೇ ತಿರುಗದವನು ಊರವರ ಕುತ್ತಿಗೆಗೆಲ್ಲ ಕಾಲರ್ ಕೂರಿಸಿದ.

ಕಾಯಿಲೆ ಏನೆಂದು ತಿಳಿದದ್ದು ಪುಟ್ಟಿಗೆ ಹತ್ತು ವರ್ಷವಾದಾಗ. ಅಪ್ಪನನ್ನು ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಹೊಸ ಡಾಕ್ಟರು ಅವನ ಮೈ ಮುಟ್ಟುವ ಮೊದಲು ಅಪ್ಪ ಮಗಳು ಇಬ್ಬರ ಚಪ್ಪಲಿಯನ್ನೂ ಬಿಚ್ಚಿಸಿ ನೋಡಿದರು.

"ಮೂಳೆ ಬೆಳೆಸು ಅಂತ ಹೇಳೋ ಜೀನ್ ಒಂದಿದೆ. ನಿಮ್ಮದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದು ಕೆಟ್ಟು ಕೂತಿಲ್ಲ, ಕೆಲಸ ಅತಿಯಾಗಿ ಮಾಡ್ತಿದೆ. ಸಾಕು ಅಂದ್ರೂ ಕೇಳಲ್ಲ. ಪೆಟ್ಟು ಬಿದ್ರೆ, ಬಾವು ಬಂದ್ರೆ, ಮಾಂಸ ಇದ್ದ ಕಡೆ ಮೂಳೆ ಕಟ್ಟುತ್ತೆ."

"ನಮ್ಮ ವಂಶದಲ್ಲಿ ಎಲ್ಲರೂ ಮೈಗಳ್ಳರು ಡಾಕ್ಟ್ರೇ," ಎಂದ ಅಪ್ಪ. "ಮೈಮುರಿದು ದುಡಿಯೋದು ಇದೊಂದೇ ನೋಡಿ." ತಾನೇ ನಕ್ಕ. ಆಮೇಲೆ ಕೇಳಿದ, "ಮಕ್ಕಳಿಗೆ ಬರೋದು?"

"ಅರ್ಧಕ್ಕರ್ಧ ಸಾಧ್ಯತೆ. ಇವಳ ಹೆಬ್ಬೆರಳು ನೋಡಿದೆ. ಬಂದಿದೆ."

ಹದಿನಾಲ್ಕಕ್ಕೆ ಪುಟ್ಟಿಯ ಬಲಭುಜ ಕಟ್ಟಿಕೊಂಡಿತು. ಈಗ, ಇಪ್ಪತ್ತಮೂರಕ್ಕೆ, ಸೊಂಟ. ತಡೆಯುವ ಔಷಧ ತಮ್ಮ ಹತ್ತಿರ ಇಲ್ಲ, ಯಾವ ಭಂಗಿಯಲ್ಲಿ ಬದುಕಬಲ್ಲೆಯೋ ಆ ಭಂಗಿಯಲ್ಲೇ ಇಟ್ಟುಕೋ ಎಂದಿದ್ದರು ಡಾಕ್ಟರು.

"ಯಾವುದು ಮಾಡಲಪ್ಪ?" ಎಂದು ಕೇಳಿದ್ದಳು.

"ಕೂತ್ಕೊ ಮಗಳೇ. ಕೂತ್ರೆ ಮಷೀನ್ ಇದೆ. ನಿಂತೇ ಇರೋರಿಗೆ ಯಾರು ಕೆಲಸ ಕೊಡ್ತಾರೆ?"

ಅಪ್ಪನ ಮಾತಿಗೆ ಎದುರಾಡದೆ ಅವಳು ಅಂದಿನಿಂದ ಎಡಗಾಲನ್ನು ಮಡಚಿಯೇ ಇಟ್ಟುಕೊಂಡಿದ್ದಳು. ಅಷ್ಟರಲ್ಲಿ ಅಪ್ಪನಿಗೆ ನೆಗಡಿಯಾಯಿತು. ಎದೆಗೂಡು ಹಿಗ್ಗದವನಿಗೆ ಕೆಮ್ಮಲಾಗಲಿಲ್ಲ. ಮೂರೇ ದಿನ. ದಿಂಬಿಗೊರಗಿ ಕೂತಿದ್ದವನು ಕೂತಲ್ಲೇ ಹೋದ.

* * *

ಅಂಗಡಿಯವರು ಪೆಟ್ಟಿಗೆಯನ್ನು ಅಡ್ಡಕ್ಕೆ ಕೊಯ್ದು, ಹಲಗೆ ಜೋಡಿಸಿ ಎತ್ತರಿಸಿದರು. ನೋಡಲು ಬೀರುವಿನಂತಾಯಿತು. ಆದರೆ ಅಪ್ಪನನ್ನು ಅದರಲ್ಲಿಟ್ಟು ಮಹಡಿಯಿಂದ ಇಳಿಸುವಾಗ ಅದು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಿತು. ಕೊನೆಗೆ ಅಪ್ಪನನ್ನು ಹೊರತೆಗೆದು, ಖಾಲಿ ಪೆಟ್ಟಿಗೆಯನ್ನು ಓರೆಮಾಡಿ ಕೆಳಗೆ ಕಳಿಸಿ, ಅವನದೇ ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಹೊತ್ತು ಬೀದಿಗೆ ಇಳಿಸಿದರು. ಬಿಸಿಲಿನಲ್ಲಿ ಅಪ್ಪ ತಲೆಯೆತ್ತಿ ಕೂತಿದ್ದ. ಬಾಗಿಸಲು ಬರುತ್ತಿರಲಿಲ್ಲ.

ಸುದ್ದಿ ಗೊತ್ತಿಲ್ಲದ ಇಸ್ತ್ರಿಯವನು ಎದುರು ಬದಿಯಿಂದ ಕೈಯೆತ್ತಿದ. "ಏನ್ ಮಾಸ್ಟ್ರೇ, ಸವಾರಿ ಎಲ್ಲಿಗೆ? ನೀವು ಹೊರಗೆ ಬಂದು ಎಷ್ಟು ಕಾಲವಾಯ್ತು."

ಹೊತ್ತವರಲ್ಲಿ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅವನೇ ಅತ್ತ. ಇಸ್ತ್ರಿಯವನು ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ತಲೆ ಕೆರೆದುಕೊಂಡ.

ಪುಟ್ಟಿಗೆ ನಾಚಿಕೆಯಿಂದ ಮೈ ಉರಿಯಿತು. ಆ ಕುರ್ಚಿಯಲ್ಲಿ ಅವಳಿಗೆ ಕಂಡದ್ದು ತಾನೇ. ನನ್ನನ್ನೂ ಹೀಗೇ ಮೆರವಣಿಗೆ ಮಾಡಲಿ ಅಂತ ಕೂತ್ಕೊ ಅಂದೆಯಾ ಎಂದು, ಹುಟ್ಟಿದಂದಿನಿಂದ ಮೊದಲ ಸಲ, ಅಪ್ಪನ ಮೇಲೆ ಸಿಟ್ಟು ಬಂತು.

ಸ್ಮಶಾನದಲ್ಲಿ ಅಗೆದಿಟ್ಟಿದ್ದ ಗುಂಡಿಯೂ ಉದ್ದನೆಯದೇ. ಮತ್ತೆ ಆಳ ಮಾಡುವವರೆಗೆ ಎಲ್ಲರೂ ಒಂದು ಗಂಟೆ ಬಿಸಿಲಲ್ಲಿ ಕಾದರು.

ಎಲ್ಲ ಮುಗಿದ ಮೇಲೆ ಸಾಮಾನು ಸಾಗಿಸುವ ತೆರೆದ ಗಾಡಿಯಲ್ಲಿ ವಾಪಸು ಹೊರಟರು. ಎರಡೂ ಬದಿಗೆ ಹಲಗೆ ಹಾಕಿದ್ದರು. ಚಿಕ್ಕಪ್ಪ ಸರಿದು ತನ್ನ ಪಕ್ಕ ಜಾಗ ಮಾಡಿದ.

"ದರ್ಜಿಗಳ ಹತ್ರ ಮಾತಾಡಿದೀನಿ ಪುಟ್ಟಿ. ಕಾಲರೆಲ್ಲ ಇನ್ಮೇಲೆ ನಿಂಗೇ ಕಳಿಸ್ತಾರಂತೆ. ಅಣ್ಣನ ಮಷೀನ್ ಇದೆ, ಹೇಗೋ ನಡೆದುಹೋಗುತ್ತೆ. ಬಾ, ಕೂತ್ಕೊ."

"ಬೇಡ ಚಿಕ್ಕಪ್ಪ. ನಾನು ನಿಂತ್ಕೋತೀನಿ."

"ಬೆಳಗಿನಿಂದ ನಿಂತೇ ಇದೀಯಲ್ಲೇ. ಇನ್ನೆಷ್ಟು ಹೊತ್ತು ನಿಲ್ತೀಯ?"

ಗಾಡಿ ಹೊರಟಿತು. ಅವಳು ಎಡಗೈಯಿಂದ ಕಂಬಿಯನ್ನು ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ, ಮಡಚಿದ್ದ ಕಾಲನ್ನು ಇಷ್ಟಿಷ್ಟೇ ನೆಟ್ಟಗೆ ಮಾಡಿ ಹಿಮ್ಮಡಿ ಊರಿದಳು. ಚಿಕ್ಕಪ್ಪ ಪಕ್ಕದ ಖಾಲಿ ಜಾಗದ ಮೇಲೆ ಕೈಯಿಟ್ಟು, ಬೇರೆ ಯಾರೂ ಕೂರದಂತೆ ಅವಳಿಗಾಗಿ ಕಾಯುತ್ತಲೇ ಇದ್ದ.