ಹೂದಾನಿಯ ಹೊಟ್ಟೆಯಲ್ಲಿ ಕಂಡದ್ದು

ಛಾಯಾರಸಿಕರ ಸಂಘದ ಸ್ಪರ್ಧೆಗೆ ಆ ವರ್ಷ ‘ಗಾಜಿನ ವಸ್ತುಗಳು’ ಎಂಬ ವಿಷಯ ಕೊಟ್ಟವರು ಅಧ್ಯಕ್ಷ ವೃಷಭೇಂದ್ರಪ್ಪನವರು. ಅಲ್ಲಿಯವರೆಗೆ ವಿಷಯ ಏನೇ ಇರಲಿ, ಸದಸ್ಯರು ಬೆಟ್ಟದ ನಂದಿಯ ಫೋಟೋವನ್ನೇ ತಂದುಕೊಡುತ್ತಿದ್ದರು. ‘ಮಳೆಗಾಲ’ ಅಂದರೆ ಒದ್ದೆ ನಂದಿ, ‘ಏಕಾಂತ’ ಅಂದರೆ ಒಂಟಿ ನಂದಿ. ಅದನ್ನು ತಪ್ಪಿಸಲೆಂದೇ ಗಾಜು ಎಂದು ಅಧ್ಯಕ್ಷರು ಸಭೆಯಲ್ಲಿ ಹೇಳಿದರು. ಅವರು ಆಗತಾನೇ ಮದರಾಸಿನಿಂದ ಒಂದು ದೊಡ್ಡ ಗಾಜಿನ ಹೂದಾನಿ ತರಿಸಿದ್ದರು. ಅದನ್ನು ನಾಲ್ಕು ಜನ ನೋಡಲಿ ಎಂಬುದೂ ಒಂದು ಕಾರಣ ಎಂದು ಸದಸ್ಯರು ಹೊರಗೆ ಬಂದಮೇಲೆ ಹೇಳಿಕೊಂಡರು.

ವೃಷಭೇಂದ್ರಪ್ಪನವರು ಊರಿನ ದೊಡ್ಡ ಜವಳಿ ವ್ಯಾಪಾರಿಗಳು. ಛಾಯಾರಸಿಕರ ಸಂಘವಲ್ಲದೆ ಪಾನನಿರೋಧ ಸಮಿತಿಗೂ ಅವರೇ ಅಧ್ಯಕ್ಷರು. ವರ್ಷಕ್ಕೊಮ್ಮೆ ಟೌನ್‌ಹಾಲಿನಲ್ಲಿ ಹೆಂಡದ ಅನಾಹುತಗಳ ಮೇಲೆ ಅವರು ಮಾಡುತ್ತಿದ್ದ ಭಾಷಣ ಕೇಳಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು.

ಸಂಘದ ಸದಸ್ಯರಲ್ಲಿ ಚೆಲುವರಾಜು ಎಂಬಾತನೊಬ್ಬ. ಹಿನಕಲ್ಲಿನ ಒಕ್ಕಲು ಮನೆತನದವನು, ಓದಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ, ನಜರ್‌ಬಾದಿನ ಒಂದು ವಠಾರದಲ್ಲಿ ಹೆಂಡತಿ ವೇದವತಿಯ ಜೊತೆ ಇದ್ದ. ಮುಚ್ಚಿಹೋದ ಸ್ಟುಡಿಯೋ ಒಂದರಿಂದ ಹಳೆಯ ಪ್ಲೇಟ್ ಕ್ಯಾಮೆರಾ ಕೊಂಡಿದ್ದ. ಮರದ ಪೆಟ್ಟಿಗೆಯಂಥದು, ಹಿಂದೆ ನಿಂತು ತಲೆಯ ಮೇಲೆ ಕರಿ ಬಟ್ಟೆ ಹೊದ್ದುಕೊಂಡು ನೋಡಬೇಕು, ಎದುರಿಗಿದ್ದದ್ದೆಲ್ಲ ತಲೆಕೆಳಗಾಗಿ ಕಾಣುತ್ತದೆ. ಸಂಘ ಸೇರಿದಾಗಿನಿಂದ ಅವನಿಗೆ ಒಂದು ಸಮಾಧಾನಕರ ಬಹುಮಾನವೂ ಬಂದಿರಲಿಲ್ಲ. ಈ ಸಲ ಬಿಡಬಾರದು ಎಂದುಕೊಂಡ.

ಮನೆಯಲ್ಲಿ ಇದ್ದದ್ದೆಲ್ಲ ಹಿತ್ತಾಳೆ. ಹುಡುಕಿದರೆ ಸಿಕ್ಕಿದ್ದು ಒಂದು ಗಾಜಿನ ಲೋಟ ಮತ್ತು ಲಾಟೀನಿನ ಬುರುಡೆ. ಒಂದು ಭಾನುವಾರವೆಲ್ಲ ಅವುಗಳ ಮುಂದೆ ಬಗ್ಗಿ ನಿಂತ. ಆಗ ಅವನಿಗೆ ತಿಳಿದದ್ದು, ಗಾಜಿನ ಫೋಟೋ ತೆಗೆಯುವುದೆಂದರೆ ಗಾಜಿನ ಸುತ್ತ ಇರುವುದರ ಫೋಟೋ ತೆಗೆದಂತೆ ಎಂದು. ಕಿಟಕಿ ಬಂತು, ಒಣಹಾಕಿದ ಸೀರೆ ಬಂತು, ಲೋಟದ ನಟ್ಟನಡುವೆ ಹರಿದ ಬನಿಯನ್ನಿನಲ್ಲಿ ಅವನೇ ಬಂದ. ವೇದವತಿ ಆ ಚಿತ್ರವನ್ನು ಬೆಳಕಿಗೆ ಹಿಡಿದು, ಲೋಟ ಎಲ್ಲಿದೆ ಎಂದು ಮಾತ್ರ ಕೇಳಿದಳು.

ಮನೆಯ ಸಾಮಾನಿನಿಂದ ಕೆಲಸವಾಗದೆಂದು ಚೆಲುವರಾಜು ಅಧ್ಯಕ್ಷರ ಬಳಿಗೇ ಹೋಗಿ, ಅವರ ಹೂದಾನಿಯ ಚಿತ್ರ ತೆಗೆಯಲು ಅಪ್ಪಣೆ ಬೇಡಿದ. ಅವರಿಗೆ ಬೇಕಾಗಿದ್ದದ್ದೂ ಅದೇ. ಶನಿವಾರ ತಾವು ನಂಜನಗೂಡಿಗೆ ಹೋಗುವುದಾಗಿಯೂ, ಮನೆಯಲ್ಲಿ ಹೇಳಿಟ್ಟಿರುವುದಾಗಿಯೂ, ಬಂದು ಚಿತ್ರ ತೆಗೆದುಕೊಂಡು ಹೋಗಬಹುದೆಂದೂ ಹೇಳಿದರು.

ಶನಿವಾರ ಅವರ ಹೆಂಡತಿ ಪ್ರೇಮಲೀಲಾ ಬಾಗಿಲು ತೆರೆದರು. ಹೂದಾನಿ ಕುಂಬಳಕಾಯಿಯಷ್ಟು ದಪ್ಪ ಹೊಟ್ಟೆಯದು. ಹಜಾರದಲ್ಲಿ ನಾಲ್ಕು ಕಡೆ ಕಿಟಕಿ. ಎಲ್ಲಿಟ್ಟರೂ ನಾಲ್ಕೂ ಅದರ ಮೇಲೆ ಕೂರುತ್ತಿದ್ದವು. ಚೆಲುವರಾಜು ಪೇಚಾಡುವುದನ್ನು ಪ್ರೇಮಲೀಲಾ ಸ್ವಲ್ಪ ಹೊತ್ತು ನೋಡಿ, ಯಜಮಾನರ ಓದುವ ಕೋಣೆಗೆ ಒಂದೇ ಕಿಟಕಿ, ಅಲ್ಲಿ ಪ್ರಯತ್ನಿಸಿ ಎಂದು ಕರೆದುಕೊಂಡು ಹೋದರು. ಹೂದಾನಿಯ ಹಿಂದೆ ಕಟ್ಟಲು ಕಪ್ಪು ಬಟ್ಟೆ ಬೇಕೆಂದಾಗ, ಅವನ ಬೆನ್ನಹಿಂದಿದ್ದ ಬೀರು ತೆರೆದು ಒಂದು ಶಾಲು ತೆಗೆದುಕೊಟ್ಟರು. ಬೀರುವಿನ ಬಾಗಿಲು ತೆರೆದೇ ಉಳಿಯಿತು. ಮರೆತರೋ ಬೇಕೆಂದೇ ಬಿಟ್ಟರೋ, ಅದು ಅವರಿಗೇ ಗೊತ್ತು. ಕರಿ ಬಟ್ಟೆಯೊಳಗಿದ್ದ ಚೆಲುವರಾಜುವಿಗೆ ಕಂಡದ್ದು ತಲೆಕೆಳಗಾದ ಹೂದಾನಿ, ಅದರ ಅಂಚಿನಲ್ಲಿ ನೀರಿನ ಹಾಗೆ ಹರಿದ ಬೆಳಕು. ಅವನು ಉಸಿರು ಬಿಗಿಹಿಡಿದು ತೆಗೆದ.

ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದ ಚಿತ್ರ ನೋಡಿದಾಗ ಅವನಿಗೇ ನಂಬಿಕೆಯಾಗಲಿಲ್ಲ. ಮುಟ್ಟಿದರೆ ಬೆರಳಿಗೆ ತಣ್ಣಗಾದೀತು, ಅಂಥ ಗಾಜು. ವೇದವತಿ ಹತ್ತಿರದಿಂದ ನೋಡಿದಳು.

“ಇದರ ಹೊಟ್ಟೆಲಿ ಏನೋ ಐತಲ್ರೀ,” ಅಂದಳು. “ಬೀರು. ಬೀರು ತುಂಬ ಬಾಟ್ಲಿ. ಒಂದರ ಮೇಲೆ ಕುದುರೆ ಚಿತ್ರ. ಬೀರು ಮೇಲೆ ಪೇಟ ಕಟ್ಕೊಂಡಿರೋ ನಿಮ್ಮ ಅಧ್ಯಕ್ಷರ ಪಟ.”

ಚೆಲುವರಾಜು ಚಿತ್ರ ಇಸಿದುಕೊಂಡು ನೋಡಿದ. ಆ ಪಟ ಪಾನನಿರೋಧ ಸಮಿತಿಯವರು ಸನ್ಮಾನ ಮಾಡಿದಾಗ ತೆಗೆದದ್ದು. ಬಾಟಲಿಗಳನ್ನು ಮಸಿಯಿಂದ ಮುಚ್ಚೋಣವೆಂದು ಕುಂಚ ತೆಗೆದುಕೊಂಡ. ಆದರೆ ಮುಚ್ಚಿದರೆ ಗಾಜು ಸತ್ತುಹೋಗುತ್ತಿತ್ತು. ಅಷ್ಟು ಚೆನ್ನಾಗಿ ಅವನ ಜನ್ಮದಲ್ಲಿ ಒಂದು ಚಿತ್ರ ಬಂದಿರಲಿಲ್ಲ. ಪ್ರದರ್ಶನಕ್ಕೆ ಬಂದವರು ಚಿತ್ರವನ್ನೆಲ್ಲಿ ನೋಡುತ್ತಾರೆ, ಕೆಳಗಿನ ಹೆಸರು ಓದಿ ಕಾಫಿ ಇರುವ ಕಡೆ ಹೋಗುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಚಿತ್ರವನ್ನು ಕೊಟ್ಟುಬಂದ.

ತೀರ್ಪುಗಾರರು ಇಬ್ಬರು. ವೃಷಭೇಂದ್ರಪ್ಪನವರು ಒಬ್ಬರು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಸಿದ್ದಮಲ್ಲಪ್ಪನವರು ಇನ್ನೊಬ್ಬರು. ಸಿದ್ದಮಲ್ಲಪ್ಪನವರು ಕ್ಯಾಮೆರಾ ಮುಟ್ಟಿದವರಲ್ಲ. ಆದರೆ ಭೂತಗನ್ನಡಿ ಇಟ್ಟುಕೊಂಡಿದ್ದರಿಂದ ತೀರ್ಪುಗಾರರಾಗಿದ್ದರು. ಬಂದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಲೋಟಗಳು. ಒಬ್ಬರಂತೂ ನಂದಿಯನ್ನು ಕನ್ನಡಕದ ಮೂಲಕ ತೆಗೆದಿದ್ದರು. ಹೂದಾನಿಯ ಮುಂದೆ ಸಿದ್ದಮಲ್ಲಪ್ಪನವರು ಬಗ್ಗಿದವರು ಏಳಲೇ ಇಲ್ಲ.

“ಅಧ್ಯಕ್ಷರೇ, ಇದು ಬರೀ ಹೂದಾನಿ ಅಲ್ಲ. ಇದರೊಳಗೆ ಒಂದು ಸಂಸಾರವೇ ಇದೆ. ತೆರೆದ ಬೀರು, ಬಾಟಲಿಗಳ ಸಾಲು, ಮೇಲೆ ಪೇಟ ಧರಿಸಿದ ಯಾರೋ ಮಹನೀಯರು. ಮನುಷ್ಯನ ಎರಡು ಮುಖಗಳು ಒಂದೇ ಕಡೆ.”

ಮಹನೀಯರು ಯಾರೆಂದು ಅವರಿಗೆ ಹೊಳೆಯಲಿಲ್ಲ. ಭೂತಗನ್ನಡಿಯಿಂದ ಕಣ್ಣೆತ್ತಿದ್ದರೆ ಪಕ್ಕದಲ್ಲೇ ನಿಂತಿದ್ದರು.

ವೃಷಭೇಂದ್ರಪ್ಪನವರು ಕನ್ನಡಿ ಇಸಿದುಕೊಂಡು ನೋಡಿ, ಕುರ್ಚಿಯಲ್ಲಿ ಕೂತರು. ಚಿತ್ರವನ್ನು ತಿರಸ್ಕರಿಸಿದರೆ ಕಾರಣ ಹೇಳಬೇಕು. ಬಹುಮಾನ ಕೊಟ್ಟರೆ ನಿಯಮದ ಪ್ರಕಾರ ಅದು ಸಂಘದ ಸ್ವತ್ತು; ಸಂಘದ ಪೆಟ್ಟಿಗೆಯ ಬೀಗದ ಕೈ ಅವರ ಬಳಿಯೇ ಇತ್ತು. ಯೋಚಿಸಿ, ಪ್ರಥಮ ಬಹುಮಾನ ಅದಕ್ಕೇ ಎಂದರು. ಆಮೇಲೆ ಸಿದ್ದಮಲ್ಲಪ್ಪನವರು ನೆನಪಿಸಿದರು: ಪ್ರಥಮ ಬಂದ ಚಿತ್ರವನ್ನು ಪ್ರದರ್ಶನ ಮುಗಿಯುವವರೆಗೆ ಬಾಗಿಲಿಗೆ ಎದುರಾಗಿ ತೂಗುಹಾಕಬೇಕು. ಆ ನಿಯಮ ಮಾಡಿದವರೂ ವೃಷಭೇಂದ್ರಪ್ಪನವರೇ.

ಸಂಜೆ ಅವರ ಕಾರು ವಠಾರದ ಮುಂದೆ ನಿಂತಿತು. ಚಿತ್ರವನ್ನು ನೀನೇ ಹಿಂದಕ್ಕೆ ತಗೊಂಡುಬಿಡು, ಬಹುಮಾನ ನಿನ್ನದೇ ಎಂದು ಅವರು ಮೆಲ್ಲಗೆ ಹೇಳಿದರು. ಚೆಲುವರಾಜುವಿಗೆ ಹೂಂ ಎನ್ನುವುದೇ ಅಭ್ಯಾಸ. ಆದರೆ ಆ ಹೊತ್ತು ಗಾಜಿನ ಅಂಚಿನ ಬೆಳಕು ಅವನ ಕಣ್ಣಿಗೆ ಕಟ್ಟಿತ್ತು.

“ಬುದ್ಧಿ, ತೆಗೆದರೆ ಗೋಡೆ ಖಾಲಿ ಆಗ್ತದೆ,” ಅಂದ. “ಖಾಲಿ ಗೋಡೆನ ಎಲ್ರೂ ನೋಡ್ತಾರೆ. ಚಿತ್ರನ ಯಾರೂ ನೋಡಲ್ಲ.”

ವೃಷಭೇಂದ್ರಪ್ಪನವರು ಕಾರು ಹತ್ತಿದರು.

ಅವನ ಮಾತೇ ನಿಜವಾಗುತ್ತಿತ್ತು. ಮೊದಲ ದಿನ ಬಂದವರು ಹೂದಾನಿ ಬಹಳ ದೊಡ್ಡದು ಎಂದಷ್ಟೇ ಹೇಳಿ ಮುಂದೆ ಹೋದರು. ಕೆಡಿಸಿದ್ದು ಅಧ್ಯಕ್ಷರೇ. ಅವರಿಗೆ ಮನಸ್ಸು ತಡೆಯಲಿಲ್ಲ. ಮರುದಿನ ಚಿತ್ರದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು, ಹತ್ತಿರ ಬಂದವರಿಗೆಲ್ಲ ಅದರೊಳಗೆ ಕಾಣುವುದು ತಮ್ಮ ತಾಯಿಯವರ ಅರಿಷ್ಟದ ಸೀಸೆಗಳು ಎಂದು ಕೇಳದಿದ್ದರೂ ಹೇಳತೊಡಗಿದರು. ಹಾಗೆ ಹೇಳಿದ ಮೇಲೆ ಜನ ಬಗ್ಗಿ ನೋಡಿದರು. ನೋಡಿದವರು ಮನೆಗೆ ಹೋಗಿ ಹೆಂಡತಿ ಮಕ್ಕಳನ್ನು ಕರೆತಂದರು. ಸಿದ್ದಮಲ್ಲಪ್ಪನವರ ಭೂತಗನ್ನಡಿಗೆ ಸಾಲು ನಿಂತಿತು. ಕುದುರೆ ಇರುವ ಅರಿಷ್ಟ ಯಾವುದು ಎಂದು ಆಯುರ್ವೇದದ ಪಂಡಿತರೊಬ್ಬರು ನಿಜವಾದ ಕುತೂಹಲದಿಂದ ವಿಚಾರಿಸಿದರು. ಪ್ರೇಮಲೀಲಾ ಒಂದು ಸಂಜೆ ಒಳ್ಳೆಯ ಸೀರೆ ಉಟ್ಟು ಬಂದು, ಚಿತ್ರದ ಮುಂದೆ ಸಾಕಷ್ಟು ಹೊತ್ತು ನಿಂತು, ಚೆಲುವರಾಜುವಿಗೆ ಕೈಮುಗಿದು ಹೋದರು.

ಪಾನನಿರೋಧ ಸಮಿತಿಯವರು ತುರ್ತುಸಭೆ ಸೇರಿದರು. ಅಧ್ಯಕ್ಷರನ್ನು ಇಳಿಸುತ್ತಾರೆಂದು ಊರು ಕಾದಿತ್ತು. ಅವರು ಸರ್ವಾನುಮತದಿಂದ ವೃಷಭೇಂದ್ರಪ್ಪನವರನ್ನೇ ಮತ್ತೆ ಆರಿಸಿದರು. ಸಭೆಗೆ ಮುಂಚೆ ಸದಸ್ಯರು ಒಬ್ಬೊಬ್ಬರಾಗಿ ಅವರ ಮನೆಗೆ ಹೋಗಿ, ಕುದುರೆ ಅರಿಷ್ಟ ಎಲ್ಲಿ ಸಿಗುತ್ತದೆಂದು ಕೇಳಿ ತಿಳಿದುಕೊಂಡಿದ್ದರೆಂದು ಆಮೇಲೆ ಸುದ್ದಿಯಾಯಿತು.

ಚಿತ್ರ ಸಂಘದ ಪೆಟ್ಟಿಗೆ ಸೇರಿತು. ಚೆಲುವರಾಜು ಅದನ್ನು ಮತ್ತೆ ನೋಡಲಿಲ್ಲ; ಬಹುಮಾನದ ಬೆಳ್ಳಿಯ ಬಟ್ಟಲೊಂದು ಮನೆಗೆ ಬಂತು, ವೇದವತಿ ಅದರಲ್ಲಿ ಕುಂಕುಮ ಇಟ್ಟಳು. ಮುಂದಿನ ವರ್ಷದ ಸ್ಪರ್ಧೆಗೆ ಅಧ್ಯಕ್ಷರು ‘ಮಣ್ಣಿನ ಮಡಕೆಗಳು’ ಎಂಬ ವಿಷಯ ಕೊಟ್ಟರು, ನೀರು ತುಂಬದೆ ಇರುವಂಥವು ಮಾತ್ರ ಎಂಬ ಸೂಚನೆಯೊಂದಿಗೆ.