ಮೊಂಡಿ ಬಿದ್ದ ಕಂದಕ

"ಏ ಮುದುಕ, ಗುದ್ದಲಿ ಕೆಳಗಿಡು! ದಡಕ್ಕೆ ಒಂದೇಟು ಬಿತ್ತೋ, ನಿನ್ನ ಸೊಂಟ ಮುರೀತೀನಿ, ಬೋಳಿಮಗನೆ!"

ಫಾರೆಸ್ಟ್ ಗಾರ್ಡು ಓಡಿಕೊಂಡು ಬಂದ. ಕೊರಳಲ್ಲಿ ಸೀಟಿ ಕುಣಿಯುತ್ತಿತ್ತು. ಬಾಯಿ ಬಿಡುವ ಮೊದಲು ಸೀಟಿ ಊದುವುದು ಅವನ ಚಾಳಿ, ಅದಕ್ಕೇ ನಮ್ಮ ಕೇರಿಯಲ್ಲಿ ಅವನ ಹೆಸರು ಪೀಪಿ. ಎತ್ತಿದ್ದ ಗುದ್ದಲಿಯನ್ನು ನಾನು ಹಾಗೇ ಇಳಿಸಿದೆ.

ಕೆಳಗೆ ಕಂದಕದ ತಳದಲ್ಲಿ ನಮ್ಮ ಎಮ್ಮೆ ಬಿದ್ದಿತ್ತು. ಕರುವಾಗಿದ್ದಾಗಲೇ ಒಂದು ಕೊಂಬು ಮುರಿದಿದ್ದರಿಂದ ಅದನ್ನು ಮೊಂಡಿ ಎಂದು ಕರೆಯುತ್ತಿದ್ದೆವು. ತುಂಬಿದ ಗಬ್ಬ. ಹೊಟ್ಟೆ ಎರಡೂ ಗೋಡೆಗಳ ನಡುವೆ ಸಿಕ್ಕಿಕೊಂಡು, ಏಳಲೂ ಆಗದೆ ಹೊರಳಲೂ ಆಗದೆ ಮೂಗಿನಿಂದ ಧೂಳು ಊದುತ್ತಿತ್ತು. ಮನೆಯಲ್ಲಿ ಹಾಲು ಕೊಡುವ ಜೀವ ಅದೊಂದೇ. ಸೊಸೆ ಆಗಲೇ ಕೆಳಗಿಳಿದು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಸ್ವಾಮಿ, ಒಂದು ಕಡೆ ಇಳಿಜಾರು ಕಡಿದು ಎಬ್ಬಿಸಿಕೊಂಡು ಹೋಗ್ತೀವಿ. ಆಮೇಲೆ ಹೆಂಗಿತ್ತೋ ಹಂಗೆ ನಾವೇ ಕಟ್ಟಿಕೊಡ್ತೀವಿ" ಎಂದೆ.

"ಕಟ್ಟಿಕೊಡ್ತಾನಂತೆ! ನಾಳೆ ದೊಡ್ಡವರು ನೋಡೋಕೆ ಬರ್ತಾರೆ ಕಣೋ. ದಡದುದ್ದಕ್ಕೂ ಕಲ್ಲಿಗೆ ಸುಣ್ಣ ಬಳಿಸಿ ಬಳಿಸಿ ನನ್ನ ಪ್ರಾಣ ಹೋಗಿದೆ. ನಿನ್ನೆಮ್ಮೆ ಬಸುರಿ ಅಂತ ಸರ್ಕಾರ ಬಾಣಂತನಕ್ಕೆ ಕೂರುತ್ತಾ?"

ಸೊಸೆ ಕೆಳಗಿನಿಂದಲೇ ಕೂಗಿದಳು: "ಬಾಣಂತನ ಬೇಡ ಅಣ್ಣಾ, ಆ ಸೀಟಿ ಒಂಚೂರು ಬಾಯಿಂದ ತೆಗೀರಿ. ಅವಳು ಬೆಚ್ಚಿ ಬೀಳ್ತಾಳೆ."

ಕಂದಕ ತೋಡಿದ್ದು ನಮ್ಮ ಕೇರಿಯವರೇ. ಈ ಗುಡ್ಡ ಹೇಗೆ ಬೋಳಾಯಿತೆಂಬುದನ್ನು ನಾನು ಕಂಡಿದ್ದೇನೆ. ನಾನು ಚಿಕ್ಕವನಿದ್ದಾಗ ಇಲ್ಲಿ ಕರು ಮಲಗಿದರೆ ಹುಲ್ಲು ಸರಿಸಿ ಹುಡುಕಬೇಕಿತ್ತು. ಮೊದಲು ದಿಮ್ಮಿ ಹೊರುವ ಲಾರಿಗಳು ಬಂದವು. ಮರ ಮುಗಿದ ಮೇಲೆ ಕಲ್ಲು ಹೊರುವ ಲಾರಿಗಳು ಬಂದವು. ಉಳಿದ ಮಣ್ಣನ್ನು ಮಳೆ ಕೊಂಡೊಯ್ದಿತು. ಅದೆಲ್ಲ ಆದ ಮೇಲೆ ಅರಣ್ಯ ಇಲಾಖೆಯವರು ಒಂದು ಸಭೆ ಸೇರಿಸಿ, ಗುಡ್ಡ ಹಾಳಾದದ್ದು ನಿಮ್ಮ ದನಗಳಿಂದ ಎಂದರು. ಸುತ್ತ ಕಂದಕ ತೋಡಬೇಕು, ಗಿಡ ನೆಡಬೇಕು, ಕೆಲವು ವರ್ಷ ದನ ಬಿಡಬಾರದು. ಕಾಡೂ ಬರುತ್ತದೆ, ಹುಲ್ಲೂ ಬರುತ್ತದೆ, ಆಮೇಲೆ ಬಾಗಿಲು ತೆಗೆಯುತ್ತೇವೆ ಎಂದರು. ಆ ಹುಲ್ಲು ಮತ್ತೆ ಬರುತ್ತದೆ ಎಂದರೆ ಯಾರಿಗೆ ಬೇಡ? ತೋಡಿದೆವು. ಗೋಡೆ ಎಲ್ಲೂ ಸೊಟ್ಟಗಾಗದಂತೆ, ನಿಂತರೆ ತಲೆ ಕಾಣದಷ್ಟು ಆಳ ತೋಡಿದೆವು.

ನೆಟ್ಟದ್ದೆಲ್ಲ ಒಂದೇ ಜಾತಿಯ ಗಿಡ. ಅದಕ್ಕೆ ಆಡೂ ಬಾಯಿ ಹಾಕುವುದಿಲ್ಲ, ಅದರ ಬುಡದಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಒಣಗಿದ ಗಿಡಗಳನ್ನೆಲ್ಲ ನಮ್ಮ ದನಗಳ ತಲೆಗೆ ಕಟ್ಟಿದರು. ಕಂದಕಕ್ಕೆ ಬಾಗಿಲು ಇಡುವುದಂತೂ ಯಾರಿಗೂ ನೆನಪಾಗಲಿಲ್ಲ.

ದನಗಳು ನೀರು ಕುಡಿಯುತ್ತಿದ್ದ ಹೊಂಡ ಆಚೆಗಿತ್ತು. ಹೊಂಡಕ್ಕೆ ಹೋಗುವ ಕಾಲುದಾರಿಯನ್ನು ಕಂದಕ ನಡುವೆ ಕತ್ತರಿಸಿತ್ತು. ಮೊಂಡಿ ಬೆಳಿಗ್ಗೆ ಹಗ್ಗ ಕಿತ್ತುಕೊಂಡು ಆ ಹಳೇ ದಾರಿಯಲ್ಲೇ ಬಂದಿತ್ತು. ಬಸುರಿಗೆ ಬಾಯಾರಿಕೆ ಹೆಚ್ಚು.

ಮಧ್ಯಾಹ್ನ ಸಾಹೇಬರ ಜೀಪು ಬಂತು. ಅವರು ಕಂದಕದ ಅಂಚಿನ ತನಕ ಬರಲಿಲ್ಲ. ದೂರದಿಂದಲೇ ಕತ್ತು ಚಾಚಿ ನೋಡಿದರು.

"ಎಮ್ಮೆ ಯಾರದ್ದು?"

"ನಮ್ಮದು ಸ್ವಾಮಿ."

"ಕಂದಕ ಯಾರದ್ದು?"

"ತಮ್ಮದು ಸ್ವಾಮಿ."

"ಅಂದ್ಮೇಲೆ ಎಮ್ಮೆ ಈಗ ನಮ್ಮ ಜಾಗದಲ್ಲಿದೆ. ಅತಿಕ್ರಮಣ. ಕೇಸ್ ಆಗುತ್ತೆ, ಗೊತ್ತಾ?"

ಪಕ್ಕದ ಮನೆಯ ಕುಂಟ ಬಾಯಿ ತಡೆಯಲಾರದವನು. "ಅತಿಕ್ರಮಣ ಮಾಡೋಕೆ ಅಂತ ಹೋಗಿದ್ದಲ್ಲ ಸ್ವಾಮಿ, ಜಾರಿ ಬಿದ್ದಿದ್ದು" ಎಂದ.

"ಸಿಕ್ಕಿಬಿದ್ದವರೆಲ್ಲ ಹಂಗೇ ಹೇಳೋದು" ಎಂದರು ಸಾಹೇಬರು. ಪೀಪಿ ನಕ್ಕ. ನಗಬೇಕಾದ ಜಾಗಗಳು ಅವನಿಗೆ ಚೆನ್ನಾಗಿ ಗೊತ್ತಿದ್ದವು.

"ನೋವು ಶುರುವಾಗಿದೆ ಸ್ವಾಮಿ. ಆ ಇಕ್ಕಟ್ಟಲ್ಲಿ ಕರು ಹೊರಗೆ ಬರಲ್ಲ. ಸಂಜೆ ಒಳಗೆ ಎತ್ತಿಬಿಟ್ರೆ ಎರಡು ಜೀವ ಉಳೀತವೆ."

"ದಡ ಕಡಿಯೋಕೆ ಮೇಲಿಂದ ಆರ್ಡರ್ ಬೇಕು. ನಾಳೆ ಅವರೇ ಬರ್ತಾರಲ್ಲ, ಬಂದು ಹೋಗಲಿ. ಆಮೇಲೆ ನಿನ್ನ ಎಮ್ಮೆ ಏನಾದ್ರೂ ಮಾಡ್ಕೋ."

ನಾನು ಕಾಲಿಗೆ ಬಿದ್ದೆ. ಬೂಟುಗಳು ಹಿಂದಕ್ಕೆ ಸರಿದವು.

"ಏಳಯ್ಯ, ಧೂಳೆಬ್ಬಿಸಬೇಡ."

ಜೀಪು ಅತ್ತ ತಿರುಗುತ್ತಿದ್ದ ಹಾಗೇ ನಾವು ಹೊಟ್ಟೆಯ ಕೆಳಗೆ ಹಗ್ಗ ತೂರಿಸಿ, ಇದ್ದಬದ್ದವರೆಲ್ಲ ಸೇರಿ ಎಳೆದೆವು. ಮೊಂಡಿ ಒಂದು ಗೇಣು ಮೇಲೆದ್ದಿತು. ಹಗ್ಗ ಉಜ್ಜಿ ಅಂಚಿನ ಮಣ್ಣು ಕುಸಿಯಿತು, ಸುಣ್ಣದ ಕಲ್ಲೊಂದು ಉರುಳಿ ಸೊಸೆಯ ಭುಜಕ್ಕೆ ಬಿತ್ತು. ಸೀಟಿ ಕೂಗಿತು. ಜೀಪು ಹಿಂದಕ್ಕೆ ಬಂತು. ನಮ್ಮ ಹಗ್ಗ, ಗುದ್ದಲಿ, ಹಾರೆ, ಬಾಂಡ್ಲಿ ಎಲ್ಲವನ್ನೂ ಜೀಪಿಗೆ ಹಾಕಿಸಿಕೊಂಡು ಹೋದರು.

"ಮಾವ, ಕೈಯಲ್ಲಾದ್ರೂ ಕೆರೆಯೋಣ" ಎಂದಳು ಸೊಸೆ. ಕೆರೆದೆವು. ನಮ್ಮದೇ ಕೆಲಸ, ಗಟ್ಟಿಯಾಗಿಯೇ ತೋಡಿದ್ದೆವು. ಉಗುರು ಕಿತ್ತು ಬಂದವು, ಮಣ್ಣು ಬರಲಿಲ್ಲ.

ರಾತ್ರಿಯೆಲ್ಲ ಸೊಸೆ ಮೇಲೆ ಬರಲೇ ಇಲ್ಲ. ಬೆಳಗಾಗುವ ಹೊತ್ತಿಗೆ ಮೊಂಡಿ ಕಣ್ಣು ಬಿಟ್ಟುಕೊಂಡೇ ತಣ್ಣಗಾಗಿತ್ತು. ಕರುವಿನ ಎರಡು ಗೊರಸು ಹೊರಗೆ ಬಂದಿದ್ದವು, ಅಷ್ಟೇ. ಸೊಸೆ ಆ ಗೊರಸುಗಳನ್ನು ಸೆರಗಿನಿಂದ ಒರೆಸಿ, ಕೈ ಚಾಚಿ, "ಎಳ್ಕೊಳ್ಳಿ ಮಾವ" ಎಂದಳು. ನಾನು ಅವಳನ್ನು ಮೇಲಕ್ಕೆಳೆದುಕೊಂಡೆ.

ಬಿಸಿಲೇರಿದ ಹಾಗೆ ಹೊಟ್ಟೆ ಉಬ್ಬಿತು. ನೊಣ ಮುತ್ತಿದವು. ಸಾಹೇಬರು ಕರ್ಚೀಫು ಮೂಗಿಗೆ ಒತ್ತಿಕೊಂಡೇ ಜೀಪಿನಿಂದ ಇಳಿದರು.

"ಥೂ, ಇದನ್ನ ಇನ್ನೂ ಎಳೆದು ಹಾಕಿಲ್ವೇನ್ರೋ?"

"ಎಳೀಬೇಕಂದ್ರೆ ದಡ ಕಡೀಬೇಕು ಸ್ವಾಮಿ" ಎಂದೆ.

ಅವರು ಗಡಿಯಾರ ನೋಡಿಕೊಂಡರು. "ಅಲ್ಲೇ ಮುಚ್ಚಿ. ಬೇಗ! ಅವರ ಗಾಡಿ ಇನ್ನೇನು ಬಂದುಬಿಡುತ್ತೆ."

ನಮ್ಮ ಗುದ್ದಲಿ, ಬಾಂಡ್ಲಿಗಳು ಜೀಪಿನಿಂದ ದಡಬಡನೆ ಕೆಳಗೆ ಬಿದ್ದವು.

"ಎಷ್ಟು ಮುಚ್ಚಬೇಕು ಸ್ವಾಮಿ?" ಎಂದು ಕುಂಟ ಕೇಳಿದ.

"ವಾಸನೆ ಹೋಗೋವರೆಗೂ ಮುಚ್ಚೋ, ಹಲ್ಕಾ! ಅದನ್ನೂ ನಾನೇ ಹೇಳಿಕೊಡಬೇಕಾ?" ಎಂದು ಹೇಳಿ ಸಾಹೇಬರು ದೊಡ್ಡವರನ್ನು ಎದುರುಗೊಳ್ಳಲು ರಸ್ತೆಗೆ ಹೋದರು. ಪೀಪಿ ಕಾವಲಿಗೆ ಉಳಿದ.

ಕೇರಿಯೇ ಬಂತು. ನಿನ್ನೆ ಮುಟ್ಟಬಾರದಾಗಿದ್ದ ದಡಕ್ಕೆ ಇಂದು ಎಲ್ಲರ ಗುದ್ದಲಿ ಬಿತ್ತು. ಮೊದಲ ಬಾಂಡ್ಲಿ ಮಣ್ಣನ್ನು ಸೊಸೆ ಹಾಕಿದಳು. ಮುಖ ಮುಚ್ಚಿತು. ಹೊಟ್ಟೆ ಮುಚ್ಚಿತು. ಮೊಂಡುಗೊಂಬೂ ಮುಚ್ಚಿತು.

"ಸಾಕು, ನಿಲ್ಸಿ" ಎಂದ ಪೀಪಿ.

ಕುಂಟ ಬಗ್ಗಿ ಮೂಸಿ ನೋಡಿದ. "ಇನ್ನೂ ಬರ್ತಾ ಇದೆ ಸ್ವಾಮಿ."

ಪೀಪಿ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದ. ಬಿಚ್ಚಿ ನೋಡುವ ಧೈರ್ಯ ಅವನಿಗಿರಲಿಲ್ಲ. "ಹಾಕ್ರಿ ಹಂಗಾದ್ರೆ."

ಇನ್ನಷ್ಟು ಹಾಕಿದೆವು. ಕಾಲಲ್ಲಿ ತುಳಿದು ಗಟ್ಟಿ ಮಾಡಿದೆವು.

"ಈಗ?"

"ಗಾಳಿ ಈ ಕಡೆ ತಿರುಗಿದಾಗ ಸ್ವಲ್ಪ ಹೊಡೀತದೆ ಸ್ವಾಮಿ. ದೊಡ್ಡವರ ಮೂಗು ಬೇರೆ ಸೂಕ್ಷ್ಮ."

ನಾನು ಕುಂಟನ ಮುಖ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಾಕುತ್ತಲೇ ಹೋದೆವು. ಈಚೆ ದಡದಿಂದ ಆಚೆ ದಡಕ್ಕೆ ಮಣ್ಣು ಸಮವಾದಾಗ ಪೀಪಿ ಟವೆಲ್ ಕೆಳಗೆಳೆದ.

"ಏಯ್... ಇದು ದಾರಿ ಆಯ್ತಲ್ರೋ!"

ಅಷ್ಟರಲ್ಲಾಗಲೇ ಸೊಸೆ ಬಾಂಡ್ಲಿ ಬಿಸಾಕಿ ಕೇರಿಯ ಕಡೆ ಹೋಗಿದ್ದಳು. ಅವಳು ತಿರುಗಿ ಬಂದಾಗ ಅವಳ ಮುಂದೆ ಕೇರಿಯ ದನಗಳೆಲ್ಲ ಇದ್ದವು. ಪೀಪಿ ಕೈಗಳನ್ನು ಅಗಲಿಸಿ ಅಡ್ಡ ನಿಂತು ಸೀಟಿ ಊದಿದ. ಮುಂದಿನ ಹಸು ಅವನನ್ನು ಬಳಸಿಕೊಂಡು ಮಣ್ಣಿನ ಮೇಲೆ ಕಾಲಿಟ್ಟಿತು. ಉಳಿದವು ಅದರ ಬಾಲ ಹಿಡಿದಂತೆ ಹೊರಟವು.

ಸರಿಯಾಗಿ ಆಗಲೇ ಗಾಡಿಗಳು ಬಂದು ನಿಂತವು. ಬಿಳಿ ಟೋಪಿಯ ಹೆಂಗಸೊಬ್ಬರು ಇಳಿದು ದನಗಳು ದಾಟುವುದನ್ನು ನೋಡಿದರು. "ಓ, ದನಗಳಿಗೆ ದಾರಿ ಬಿಟ್ಟಿದ್ದೀರಾ? ಬೇರೆ ಕಡೆ ಎಲ್ಲೂ ಇದನ್ನು ನೋಡಲಿಲ್ಲ."

ಸಾಹೇಬರು ದಾರಿ ನೋಡಿದರು, ನಮ್ಮ ಮುಖ ನೋಡಿದರು. ಆಮೇಲೆ, "ಹೌದು ಮೇಡಂ. ಸ್ಥಳೀಯರ ಜೊತೆ ಸೇರಿ ಮಾಡಿದ್ದು" ಎಂದರು.

ನನ್ನನ್ನು ಮಣ್ಣಿನ ಮೇಲೆ ನಿಲ್ಲಿಸಿ ಫೋಟೋ ತೆಗೆದರು. ನಗು ಎಂದರು. ಸಾಹೇಬರು ನನ್ನ ಹೆಗಲ ಮೇಲೆ ಕೈ ಹಾಕಿದ್ದರು. ಕ್ಯಾಮೆರಾ ಇಳಿದ ತಕ್ಷಣ ಆ ಕೈಯನ್ನು ಕರ್ಚೀಫಿನಿಂದ ಒರೆಸಿಕೊಂಡರು.

ಗಾಡಿಗಳು ಹೋದವು. ಧೂಳು ಅಡಗಿತು. ಸಾಹೇಬರ ದನಿ ಬದಲಾಯಿತು.

"ಸೂಳೆಮಕ್ಕಳಾ, ನನಗೇ ಆಟ ಆಡ್ತೀರಾ? ಇದು ಮೊದಲಿದ್ದ ಹಾಗೆ ಆಗಬೇಕು. ಎಮ್ಮೆನಾದ್ರೂ ಕಡೀರಿ, ಏನಾದ್ರೂ ಮಾಡಿ. ತೋಡ್ರೋ!"

ಪೀಪಿ ಗುದ್ದಲಿಯನ್ನು ತಂದು ನನ್ನ ಕೈಗೆ ತುರುಕಿದ. "ಹಿಡೀರಿ" ಎಂದ. ನನ್ನೊಬ್ಬನಿಗೆ ಮೊದಲ ಸಲ ಬಹುವಚನ ಬಂದಿತ್ತು ಅವನ ಬಾಯಲ್ಲಿ. ಅವನೂ ಹೆದರಿದ್ದ.

ಆಚೆ ಹೊಂಡದ ಸುತ್ತ ದನಗಳು ನಿಂತಿದ್ದವು. ಒಂದೂ ಬಗ್ಗಿರಲಿಲ್ಲ. ಅಂಚಿನಲ್ಲಿ ನಿಂತಿದ್ದ ಸೊಸೆ ಕೂಗಿ ಹೇಳಿದಳು: "ಮಾವ, ಇಲ್ಲಿ ನೀರಿಲ್ಲ. ಬರೀ ಬಿರುಕು. ಗಿಡದ ಬೇರು ಹೊಂಡದೊಳಗೆ ಬಂದು ಎಲ್ಲ ಹೀರಿಬಿಟ್ಟಿವೆ."

ಕುಂಟ ಮಣ್ಣಿನ ಮೇಲೆ ಕುಕ್ಕರಿಸಿದ.

"ಕಿವಿ ಕೇಳಲ್ವೇನೋ ಮುದುಕ? ತೋಡು!" ಎಂದರು ಸಾಹೇಬರು.

ನಾನು ಗುದ್ದಲಿಯನ್ನು ಮಣ್ಣಿನ ಮೇಲೆ ಅಡ್ಡ ಮಲಗಿಸಿ, ಅದರ ಮರದ ಕಾವಿನ ಮೇಲೆ ಕುಳಿತುಕೊಂಡೆ. ಸಾಹೇಬರು ಕೂಗುತ್ತಿದ್ದರು. ಪೀಪಿ ಸೀಟಿಯನ್ನು ಬಾಯಿಗಿಟ್ಟುಕೊಂಡು ಊದದೆ ನಿಂತಿದ್ದ. ಆಚೆ ಒಂದು ಹಸು ಬಿರುಕುಬಿಟ್ಟ ಮಣ್ಣನ್ನು ನೆಕ್ಕಲು ಶುರುಮಾಡಿತು.

ನನ್ನ ಕೆಳಗೆ, ಮೊಂಡಿಯ ಮೇಲಿನ ಮಣ್ಣು ಒಂದು ಬೆರಳಿನಷ್ಟು ಕುಸಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬೆರಳಿನಷ್ಟು.