ಖಾನೆಗಳ ಸರದಿ

ಪರದೆಯ ಮೇಲೆ ಒಂದು ಗೆರೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ನನಗೆ ಮೈ ಉರಿಯುತ್ತದೆ. ಮರ್ಫಿ ಟೌನಿನ ಒಂದು ರೂಮಿನಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಅಂಗಡಿಗಳಿಗೆ, ಕ್ಲಿನಿಕ್ಕುಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವವನು ನಾನು, ಸುಗತ. ಯಾವ ಖಾನೆ ಎಲ್ಲಿ ಕೂರಬೇಕು, ಯಾವ ಬಟನ್ ಎಷ್ಟು ಅಗಲ ಇರಬೇಕು ಅಂತ ಮೌಸಿನಿಂದ ಎಳೆದೆಳೆದು ಜೋಡಿಸುವುದೇ ಅರ್ಧ ಕೆಲಸ. ಮೊಬೈಲ್ ಕಾಲದಲ್ಲಿ ಇದನ್ನು ಕೇಳುವವರಿಲ್ಲ. ಉಳಿದಿರುವ ನಾಲ್ಕಾರು ಗಿರಾಕಿಗಳಲ್ಲಿ ಶಿವಾಜಿನಗರದ ಟ್ರಸ್ಟ್ ಕ್ಲಿನಿಕ್ಕೂ ಒಂದು.

ಅಲ್ಲಿ ರೋಗಿಗಳ ಹೆಸರು ಬರೆದುಕೊಂಡು ಚೀಟಿ ಕೊಡುವವರು ಬದ್ರುನ್ನೀಸಾ ಆಪಾ. ಹನ್ನೊಂದು ವರ್ಷದಿಂದ ಅದೇ ಕೌಂಟರು, ಅದೇ ಕುರ್ಚಿ. ಹೋದ ತಿಂಗಳು ಹೊಸದಾಗಿ ಬಂದ ಮ್ಯಾನೇಜರ್ ಹಾಶಿಮ್ ನನ್ನನ್ನು ಕರೆಸಿದರು.

"ಏನ್ರೀ ಇದು, ನಮ್ಮಜ್ಜನ ಕಾಲದ ಸ್ಕ್ರೀನು! ಅಕ್ಷರ ದಪ್ಪ ಮಾಡಿ, ಎಲ್ಲಾ ನೀಟಾಗಿ ಜೋಡ್ಸಿ."

ನಾನು ಖುಷಿಯಿಂದಲೇ ಒಪ್ಪಿದೆ. ಅವರು ಅತ್ತ ಹೋಗುತ್ತಲೇ ಆಪಾ ನನ್ನ ತೋಳು ಹಿಡಿದುಕೊಂಡರು.

"ಸುಗತ ಭಾಯ್, ಏನೂ ಕದಲಿಸ್ಬೇಡಿ. ನಂಗೆ ಕಾಣಲ್ಲ."

ಸಕ್ಕರೆ ಕಾಯಿಲೆ ಕಣ್ಣು ತಿಂದಿತ್ತು. ನಡುವೆ ಕಪ್ಪು ಕಲೆ, ಅಂಚಿನಲ್ಲಷ್ಟೇ ಒಂದಿಷ್ಟು ಬೆಳಕು. ಎರಡು ವರ್ಷದಿಂದ ಅವರು ಪರದೆ ಓದಿಯೇ ಇರಲಿಲ್ಲವಂತೆ. ರೋಗಿ ಹೇಳಿದ ಹೆಸರು ಟೈಪ್ ಮಾಡಿ ಟ್ಯಾಬ್ ಕೀ ಒತ್ತಿದರೆ ವಯಸ್ಸಿನ ಖಾನೆ, ಮತ್ತೆ ಒತ್ತಿದರೆ ಏರಿಯಾ, ಮತ್ತೆ ಒತ್ತಿದರೆ ಫೋನ್, ಕೊನೆಗೆ ಎಂಟರ್. ಚೀಟಿ ಹೊರಗೆ ಬರುತ್ತದೆ. ಇಡೀ ಕ್ಲಿನಿಕ್ಕಿನಲ್ಲಿ ಒಬ್ಬರಿಗೂ ಅನುಮಾನ ಬಂದಿರಲಿಲ್ಲ.

"ಆಪರೇಷನ್ ಮಾಡ್ಸಬಾರ್ದಾ ಆಪಾ?"

"ಆ ಹಂತ ದಾಟಿದೆಯಂತೆ. ಹಾಶಿಮ್ ಸಾಬ್‌ಗೆ ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ಮನೇಲಿ ಕೂತ್ರೆ ನಾನು ಕುರುಡಿ, ಭಾಯ್. ಇಲ್ಲಿ ಕೂತ್ರೆ ಕೌಂಟರ್ ಆಪಾ."

ನಾನು ಧೈರ್ಯ ಹೇಳಿದೆ, ಯಾಕೆಂದರೆ ದಾರಿ ಇತ್ತು. ಖಾನೆಗಳನ್ನು ಎಲ್ಲಿ ಬೇಕಾದರೂ ಕೂರಿಸಬಹುದು. ಟ್ಯಾಬ್ ಒತ್ತಿದಾಗ ಯಾವುದಾದ ಮೇಲೆ ಯಾವುದು ಅನ್ನುವ ಸರದಿಯನ್ನು ನಾವು ಬೇರೆಯಾಗಿ ಗೊತ್ತುಮಾಡುತ್ತೇವೆ.

"ನೋಡೋರಿಗೆ ಹೊಸದು, ನಿಮ್ಮ ಬೆರಳಿಗೆ ಹಳೇದು. ಸರೀನಾ?"

ಆಪಾ ಎರಡೂ ಕೈಯೆತ್ತಿ ದುವಾ ಮಾಡಿದರು.

ಒಂದು ವಾರ ಕೂತು ಮಾಡಿದೆ. ಕಣ್ಣು ಮುಚ್ಚಿಕೊಂಡು ಇಪ್ಪತ್ತು ಸಲ ಟೈಪ್ ಮಾಡಿ ನೋಡಿದೆ, ಒಂದು ಸಲವೂ ತಪ್ಪಲಿಲ್ಲ. ಅಷ್ಟಕ್ಕೇ ಬಿಡಬೇಕಿತ್ತು. ಹಾಳಾದ್ದು ನನ್ನ ಕಣ್ಣು! ಕ್ಲಿನಿಕ್ಕಿಗೆ ಹಾಕಿಕೊಡಬೇಕಾದ ದಿನ ಬೆಳಗ್ಗೆ ನೋಡಿದರೆ ನಾಲ್ಕು ಖಾನೆಗಳೂ ಕೆಳಗಿನ ಬಟನ್ನಿಗಿಂತ ಒಂಚೂರು ಎಡಕ್ಕಿದ್ದವು. ಸುಮ್ಮನಿರಲಾರದೆ ಒಂದು ಚೌಕಟ್ಟು ಎಳೆದು, ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ನಾಲ್ಕನ್ನೂ ಅದರೊಳಗೆ ಹಾಕಿದೆ. ಮೊದಲು ಫೋನ್, ಕೊನೆಗೆ ಹೆಸರು. ನೋಡಲು ಎಷ್ಟು ಲಕ್ಷಣವಾಗಿತ್ತು! ಚೌಕಟ್ಟಿನೊಳಗೆ ಹೋದ ಖಾನೆ ತನ್ನ ಹಳೆಯ ಸರದಿ ಬಿಟ್ಟು, ಒಳಗೆ ಬಂದ ಕ್ರಮದಲ್ಲೇ ಹೊಸದಾಗಿ ನಿಲ್ಲುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಮತ್ತೊಮ್ಮೆ ಪರೀಕ್ಷಿಸಿ ನೋಡಲಿಲ್ಲ, ಅಷ್ಟೇ.

ಹತ್ತು ಗಂಟೆಗೆ ಹಾಶಿಮ್ ಬಂದು ಆಪಾ ಅವರ ಕುರ್ಚಿಯ ಹಿಂದೆ ನಿಂತರು. ಸಾಲಿನಲ್ಲಿ ಮೊದಲು ಇದ್ದದ್ದು ಮಂಡಿನೋವಿನ ಹುಸೇನಮ್ಮ. ಆಪಾ ಕೇಳುತ್ತಾ ಹೋದರು, ಆಕೆ ಹೇಳುತ್ತಾ ಹೋದಳು. ಆಪಾ ಬೆರಳುಗಳು ಒಂದು ಕಡೆಯೂ ತಡವರಿಸಲಿಲ್ಲ. ನಾನು ಪರದೆ ನೋಡಿದಾಗ ಫೋನಿನ ಖಾನೆಯಲ್ಲಿ ಹುಸೇನಮ್ಮ ಅಂತ ದಪ್ಪ ಅಕ್ಷರದಲ್ಲಿ ಕಾಣುತ್ತಿತ್ತು. ತಡೆಯುವಷ್ಟರಲ್ಲಿ ಎಂಟರ್ ಬಿತ್ತು.

ಚೀಟಿಯನ್ನು ಹಾಶಿಮ್ ಎತ್ತಿಕೊಂಡರು. ಹೆಸರಿನ ಜಾಗದಲ್ಲಿ ಫೋನ್ ನಂಬರ್, ವಯಸ್ಸಿನ ಜಾಗದಲ್ಲಿ ಕಮ್ಮನಹಳ್ಳಿ.

"ತಪ್ಪು ನಂದು ಸರ್! ಒಂದು ನಿಮಿಷ ಕೊಡಿ, ಸರಿ ಮಾಡ್ತೀನಿ," ಅಂದೆ.

"ನಿಮ್ಮದೇ ಇರ್ಬಹುದು. ಆದ್ರೆ ಅಷ್ಟು ದಪ್ಪ ಅಕ್ಷರ, ಆಪಾಗೆ ಕಾಣ್ಬೇಕಿತ್ತಲ್ಲ?" ಅಂದ ಹಾಶಿಮ್, ಚೀಟಿಯನ್ನು ಮೆಲ್ಲಗೆ ಆಪಾ ಕೈಯಲ್ಲಿಟ್ಟರು. "ಆಪಾ, ಇದನ್ನ ಸ್ವಲ್ಪ ಓದಿ."

ಆಪಾ ಕನ್ನಡಕ ಸರಿಪಡಿಸಿಕೊಂಡು ಚೀಟಿಯನ್ನು ಹತ್ತಿರ ಹಿಡಿದರು.

"ಹೆಸರು ಹುಸೇನಮ್ಮ. ವಯಸ್ಸು ಐವತ್ನಾಲ್ಕು. ಕಮ್ಮನಹಳ್ಳಿ." ಆಮೇಲೆ ಫೋನ್ ನಂಬರಿನ ಹತ್ತೂ ಅಂಕಿಗಳನ್ನು ಒಂದೂ ತಪ್ಪದೆ ಹೇಳಿದರು.

"ಹೂಂ, ಸರಿಯಾಗೈತೆ," ಅಂದಳು ಹುಸೇನಮ್ಮ.

ಹಾಶಿಮ್ ಕೆಟ್ಟವರಲ್ಲ. ದನಿ ಏರಿಸಲಿಲ್ಲ. "ಔಷಧಿ ವಿಷ್ಯ ಆಪಾ, ಜೀವದ ಪ್ರಶ್ನೆ," ಅಂದರು. "ನಾಳೆಯಿಂದ ಮನೇಲಿ ರೆಸ್ಟ್ ತಗೊಳ್ಳಿ." ಒಳಗಿನಿಂದ ತೂಬಾ ಅನ್ನುವ ಹುಡುಗಿಯನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸಿದರು.

ನಾನು ಆ ಹುಡುಗಿಯ ಪಕ್ಕದಲ್ಲಿ ಬಗ್ಗಿ ಸರದಿ ಸರಿ ಮಾಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ತಲೆಯೆತ್ತಿದಾಗ ಆಪಾ ಬಾಗಿಲ ಕಡೆ ಹೋಗುತ್ತಿದ್ದರು. ಇಷ್ಟು ದಿನ ಯಾರಿಗೂ ಗೊತ್ತಾಗದಂತೆ ನೆಟ್ಟಗೆ ನಡೆಯುತ್ತಿದ್ದವರು ಈಗ ಎಲ್ಲರೆದುರಿಗೆ ಗೋಡೆ ತಡವಿಕೊಂಡು ನಡೆಯುತ್ತಿದ್ದರು.